ಹುಲ್ಲಿನ ಹೊರೆಯೂ ಬ್ರೇಕ್ ಲೈಟೂ

ಪ್ರಶ್ನೆ: ನನ್ನದು ಹಳೇ ನೂರು ಸಿಸಿ ಬೈಕು. ನಸುಕಿನಲ್ಲೇ ಡೇರಿಗೆ ಹಾಲು ಹಾಕಿ, ಬರುವಾಗ ಗದ್ದೆಯಿಂದ ಹಸುಗಳಿಗೆ ಹುಲ್ಲು ಹೇರಿಕೊಂಡು ಬರುತ್ತೇನೆ. ಚಳಿಗಾಲದಲ್ಲಿ ನಾಲೆ ಏರಿ ಮೇಲೆ ಮಂಜು. ಬ್ರೇಕ್ ಹಿಡಿದರೆ ಹಿಂದಿನವರಿಗೆ ಗೊತ್ತಾಗುವುದಿಲ್ಲ. ಇನ್ನೊಂದು ಬ್ರೇಕ್ ಲೈಟ್ ಹಾಕಿಸಿದರೆ ಬ್ಯಾಟರಿ ತಡೆಯುತ್ತದೆಯೇ? ಮಿಣುಕುವ ಲೈಟೇ ಆಗಬೇಕು ಅನ್ನುತ್ತಾನೆ ಮಗ.
- ಒಬ್ಬ ಓದುಗರು, ಪಾಂಡವಪುರ ತಾಲ್ಲೂಕು

ಉತ್ತರ: ಧಾರಾಳವಾಗಿ ಹಾಕಿಸಿ. ಅದಕ್ಕೆ ಮೊದಲು, ಈಗಿರುವ ಲೈಟು ಸರಿಯಾಗಿ ಹತ್ತುತ್ತಿದೆಯೇ ನೋಡಿ. ಮೈಸೂರಿನ ನನ್ನ ಗ್ಯಾರೇಜಿಗೆ ಬರುವ ಎಷ್ಟೋ ಬೈಕುಗಳಲ್ಲಿ ಮುಂದಿನ ಲಿವರಿನ ಸ್ವಿಚ್ಚು ಸತ್ತೇ ಹೋಗಿರುತ್ತದೆ. ಸವಾರನಿಗೆ ಅದರ ಸುಳಿವೂ ಇರುವುದಿಲ್ಲ. ತನ್ನ ಬೆನ್ನ ಹಿಂದಿನ ಲೈಟನ್ನು ಯಾರು ತಾನೇ ನೋಡುತ್ತಾರೆ? ಸಂಜೆ ಹೊತ್ತು ಬೈಕಿನ ಹಿಂಭಾಗವನ್ನು ಗೋಡೆಗೆ ತಿರುಗಿಸಿ ನಿಲ್ಲಿಸಿ. ಮೊದಲು ಲಿವರ್ ಮಾತ್ರ ಹಿಡಿಯಿರಿ, ಆಮೇಲೆ ಪೆಡಲ್ ಮಾತ್ರ ತುಳಿಯಿರಿ. ಎರಡು ಸಲವೂ ಗೋಡೆ ಕೆಂಪಾಗಬೇಕು. ಪೆಡಲ್ ತುಂಬಾ ಕೆಳಗಿಳಿದ ಮೇಲೆ ಹತ್ತಿದರೆ, ಪೆಡಲಿನಿಂದ ಸ್ವಿಚ್ಚಿಗೆ ಇರುವ ಸಣ್ಣ ಸ್ಪ್ರಿಂಗ್ ನೋಡಿ. ತುಕ್ಕು ಹಿಡಿದಿದ್ದರೆ ಬದಲಿಸಿ. ಸ್ವಿಚ್ಚಿನ ನಟ್ ತಿರುಗಿಸಿ ಸ್ವಿಚ್ಚನ್ನೇ ಒಂದಿಷ್ಟು ಮೇಲೆತ್ತಿದರೆ ಬೇಗ ಹತ್ತುತ್ತದೆ. ಮುಂದಿನ ಬ್ರೇಕಿಗೆ ಸ್ವಿಚ್ಚೇ ಇಲ್ಲದ ಹಳೇ ಬೈಕುಗಳೂ ಉಂಟು, ನಿಮ್ಮದು ಹಾಗಿದ್ದರೆ ಮೊದಲ ಖರ್ಚು ಅದಕ್ಕೇ ಆಗಲಿ.

ಇನ್ನು ಬ್ಯಾಟರಿ. ಮಾಮೂಲಿ ಬಲ್ಬಿನಲ್ಲಿ ಎರಡು ತಂತಿ: ಸದಾ ಉರಿಯುವುದು 5 ವಾಟ್, ಬ್ರೇಕ್ ಹಿಡಿದಾಗ ಹತ್ತುವುದು 21 ವಾಟ್. ಹೊಸದಾಗಿ ಹಾಕುವ ಎಲ್‌ಇಡಿ ಪಟ್ಟಿ ಎಳೆಯುವುದು ಎರಡು ಮೂರು ವಾಟ್, ಅದೂ ಬ್ರೇಕ್ ಹಿಡಿದಷ್ಟು ಹೊತ್ತು. ಬ್ಯಾಟರಿಗೆ ಅದೊಂದು ಲೆಕ್ಕವೇ ಅಲ್ಲ. ಮೇಲಾಗಿ ತಂತಿಯ ಬಲ್ಬು ಕಾದು ಪೂರ್ತಿ ಬೆಳಗಲು ಸುಮಾರು 0.2 ಸೆಕೆಂಡ್ ಬೇಕು, ಎಲ್‌ಇಡಿ ತಕ್ಷಣ ಹತ್ತುತ್ತದೆ. ಹಿಂದಿನ ಗಾಡಿ 50 ಕಿ.ಮೀ. ವೇಗದಲ್ಲಿದ್ದರೆ ಅಷ್ಟರಲ್ಲಿ ಹತ್ತಿರ ಹತ್ತಿರ 3 ಮೀಟರ್ ಮುಂದೆ ಬಂದಿರುತ್ತದೆ. ಬೆಳಕು ಜಾಸ್ತಿ ಬರಲಿ ಎಂದು ಹಳೇ ಹೋಲ್ಡರಿಗೇ ದೊಡ್ಡ ವಾಟಿನ ಬಲ್ಬು ತುರುಕಬೇಡಿ. ಬಿಸಿಗೆ ಕೆಂಪು ಪ್ಲಾಸ್ಟಿಕ್ ಕವರು ಕರಗೀತು.

ವೈರಿಂಗ್ ಮಾಡುವವರಿಗೆ ಒಂದು ಮಾತು ಹೇಳಿ. ಹೋಲ್ಡರಿಗೆ ಬರುವ ವೈರುಗಳಲ್ಲಿ ಬ್ರೇಕಿನದ್ದನ್ನೇ ಹಿಡಿಯಬೇಕು. ಟೈಲ್ ಲೈಟಿನದ್ದಕ್ಕೆ ಜೋಡಿಸಿದರೆ ಹೊಸ ಲೈಟು ಸದಾ ಉರಿಯುತ್ತದೆ, ಬ್ರೇಕ್ ಹಿಡಿದದ್ದು ಯಾರಿಗೂ ತಿಳಿಯದು. ವೈರಿನ ಬಣ್ಣ ಕಂಪನಿಗೊಂದು ಥರ, ಅದನ್ನು ನಂಬದೆ ಟೆಸ್ಟ್ ಲ್ಯಾಂಪ್ ಇಟ್ಟು ನೋಡಲಿ. ಪೆಡಲ್ ತುಳಿದಾಗ ಮಾತ್ರ ಹತ್ತಿದರೆ ಅದೇ ಸರಿಯಾದ ವೈರು. ಹೊಸ ಲೈಟಿನ ಇನ್ನೊಂದು ವೈರನ್ನು ಪೇಂಟ್ ಕೆರೆದ ಕಬ್ಬಿಣಕ್ಕೆ ಅರ್ತ್ ಮಾಡಲಿ. ಜೋಡಣೆಗೆ ಬರೀ ಟೇಪ್ ಸುತ್ತಿದರೆ ಗದ್ದೆಯ ಕೆಸರು ನೀರು ಮಳೆಗಾಲ ಮುಗಿಯುವುದರೊಳಗೆ ಒಳಗೆ ಇಳಿದಿರುತ್ತದೆ. ಬೆಸುಗೆ ಹಾಕಿ ಮೇಲೆ ಸ್ಲೀವ್ (ವೈರಿನ ಮೇಲೆ ತೊಡಿಸುವ ಪ್ಲಾಸ್ಟಿಕ್ ಕೊಳವೆ) ಏರಿಸಲಿ.

ನಿಮಗೆ ನಿಜವಾದ ತೊಂದರೆ ಹುಲ್ಲಿನದು. ಹೊರೆ ಕ್ಯಾರಿಯರಿನಿಂದ ಹಿಂದಕ್ಕೆ ಬಾಗಿ ಲೈಟು, ನಂಬರ್ ಪ್ಲೇಟು ಎಲ್ಲವನ್ನೂ ಮುಚ್ಚಿರುತ್ತದೆ. ಸೀಟಿನ ಕೆಳಗೆ ಎಷ್ಟು ಲೈಟು ಹಾಕಿದರೂ ಹುಲ್ಲಿಗೇ ಬೆಳಕು! ಕ್ಯಾರಿಯರಿನ ತುದಿಗೆ ಒಂದು ಪಟ್ಟಿ ಬೆಸೆಸಿ, ಹೊರೆಗಿಂತ ಆಚೆ ಕಾಣುವಂತೆ ಹೊಸ ಲೈಟು ಕೂರಿಸಿ. ಹುಲ್ಲು ಕಟ್ಟಿದ ಮೇಲೆ ಮಗನನ್ನು ಬೈಕಿನ ಮೇಲೆ ಕೂರಿಸಿ ಬ್ರೇಕ್ ಹಿಡಿಸಿ, ನೀವು ಇಪ್ಪತ್ತು ಹೆಜ್ಜೆ ಹಿಂದೆ ನಿಂತು ನೋಡಿ. ಕಾಣದಿದ್ದರೆ ಹೊರೆ ಚಿಕ್ಕದು ಮಾಡಬೇಕಾದೀತು. ಎರಡು ಸಲ ಓಡಾಡಿದರೆ ಪೆಟ್ರೋಲು ಖರ್ಚು, ಒಪ್ಪಿದೆ.

ಮಿಣುಕುವ ಲೈಟು ಬೇಡ ಅಂತ ಮಗನಿಗೆ ಹೇಳಿ. ಮಂಜಿನಲ್ಲಿ ಬಿಟ್ಟು ಬಿಟ್ಟು ಹತ್ತುವ ದೀಪ ಎಷ್ಟು ದೂರದಲ್ಲಿದೆ ಎಂದು ಅಂದಾಜು ಸಿಗುವುದು ಕಷ್ಟ, ಇಂಡಿಕೇಟರೋ ಬ್ರೇಕೋ ಎಂಬ ಗೊಂದಲ ಬೇರೆ. ನೀಲಿ, ಬಿಳಿ ಬಣ್ಣದ್ದೂ ಬೇಡ: 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 108ನೇ ನಿಯಮದಂತೆ ಇಂಡಿಕೇಟರ್, ನಂಬರ್ ಪ್ಲೇಟ್ ಬೆಳಕಿನಂಥ ಕೆಲವನ್ನು ಬಿಟ್ಟರೆ ಹಿಂದಕ್ಕೆ ಕೆಂಪು ಬೆಳಕೇ ಇರಬೇಕು. ಹಾಲಿನ ಕ್ಯಾನಿಗೂ ಕ್ಯಾರಿಯರಿಗೂ ಒಂದೊಂದು ತುಂಡು ಕೆಂಪು ರಿಫ್ಲೆಕ್ಟರ್ ಸ್ಟಿಕ್ಕರ್ ಅಂಟಿಸಿ. ಅದಕ್ಕೆ ವೈರೂ ಬೇಡ, ಬ್ಯಾಟರಿಯೂ ಬೇಡ.