ವೇಷದ ಕತ್ತಿಗೆ ಅಡಿಕೆ ದಬ್ಬೆ ಬೇಡ

ಆರು ವರ್ಷದ ಮಗನಿಗೆ ರಾಜ್ಯೋತ್ಸವದ ದಿನ ಸಂಗೊಳ್ಳಿ ರಾಯಣ್ಣನ ವೇಷ, ಮರದ ಕತ್ತಿಯನ್ನು ಮನೆಯಲ್ಲೇ ಮಾಡಬಹುದೇ, ಯಾವ ಮರ ಒಳ್ಳೆಯದು ಎಂದು ಕೇಳಿದ್ದೀರಿ. ಮಾಡಬಹುದು. ಎರಡು ಕತ್ತಿ ಕೆಡಿಸಿ ಮೂರನೆಯದರಲ್ಲಿ ಗೆದ್ದವನು ನಾನು, ಕೆಟ್ಟದ್ದರಿಂದಲೇ ಶುರು ಮಾಡುತ್ತೇನೆ.

ನಮ್ಮದು ತುಮಕೂರಿನ ಗುಬ್ಬಿ ಕಡೆ, ಹಿತ್ತಿಲಲ್ಲೇ ಅಡಿಕೆ. ಬಿಟ್ಟಿ ಸಿಗುತ್ತದೆಂದು ಮೊದಲ ಕತ್ತಿಯನ್ನು ಅಡಿಕೆ ದಬ್ಬೆಯಲ್ಲಿ ಮಾಡಿದೆ. ಅಡಿಕೆ ಮರವೆಂದರೆ ನಾರಿನ ಕಂತೆ. ಎಷ್ಟು ಉಜ್ಜಿದರೂ ಅಂಚಿನಲ್ಲಿ ಸಿಬಿರು ಏಳುತ್ತಲೇ ಇರುತ್ತದೆ. ಮಗಳ ಅಂಗೈಯಿಂದ ಸೂಜಿಯಲ್ಲಿ ಸಿಬಿರು ತೆಗೆಯುವಷ್ಟರಲ್ಲಿ ಮನೆಯಲ್ಲಿ ನನ್ನ ಮರ್ಯಾದೆ ಹೋಗಿತ್ತು.

ಎರಡನೆಯದಕ್ಕೆ ಹಿಡಿಯನ್ನು ಬೇರೆ ತುಂಡಿನಲ್ಲಿ ಮಾಡಿ ಮೊಳೆ ಹೊಡೆದೆ. ಮಗಳು ಕಿತ್ತೂರು ಚೆನ್ನಮ್ಮ. ಪರದೆಯ ಹಿಂದೆ ಸರದಿಗೆ ಕಾಯುವಾಗ ಪಕ್ಕದ ಓಬವ್ವನ ಒನಕೆಗೂ ಇವಳ ಕತ್ತಿಗೂ ಯುದ್ಧ ಹತ್ತಿಕೊಂಡಿತು. ಒನಕೆ ರಟ್ಟಿನದು, ಆದರೂ ಕತ್ತಿ ಮೊಳೆಯ ಜಾಗದಲ್ಲೇ ಸೀಳಿತು. ಚೆನ್ನಮ್ಮ ವೇದಿಕೆಗೆ ಬಂದು ಬರೀ ಹಿಡಿಯನ್ನೇ ಎತ್ತಿ ಹಿಡಿದು ಬ್ರಿಟಿಷರನ್ನು ಬೈದಳು.

ಆದ್ದರಿಂದ ಹಿಡಿ, ಅಲಗು ಎರಡೂ ಒಂದೇ ಹಲಗೆಯಲ್ಲಿ ಬರಲಿ. ಯಂತ್ರಗಳು ಬರುವ ಪೆಟ್ಟಿಗೆಯ ಪೈನ್ ಹಲಗೆ ಗುಜರಿಯಲ್ಲಿ ಅಗ್ಗಕ್ಕೆ ಸಿಗುತ್ತದೆ; ಹಗುರ, ಉಳಿಗೆ ಬೇಗ ಒಗ್ಗುತ್ತದೆ. ವಿದೇಶದಿಂದ ಬಂದ ಪೆಟ್ಟಿಗೆಯಾದರೆ ಮುದ್ರೆ ನೋಡಿ: ‘ಎಚ್‌ಟಿ’ ಎಂದಿದ್ದರೆ ಬಿಸಿ ಮಾಡಿದ ಮರ, ತೆಗೆದುಕೊಳ್ಳಿ. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ಕೊಟ್ಟದ್ದು, ಮಕ್ಕಳ ಕೈಗೆ ಬೇಡ. ಗಂಟಿಲ್ಲದ, ಎಳೆ ಉದ್ದಕ್ಕೆ ನೇರವಾಗಿ ಓಡಿರುವ ತುಂಡನ್ನೇ ಆರಿಸಿ.

ಆರು ವರ್ಷದವನಿಗೆ ಒಟ್ಟು 20 ಇಂಚು ಸಾಕು: ಹಿಡಿ 4, ಉಳಿದದ್ದು ಅಲಗು. ಅಗಲ ಒಂದೂವರೆ ಇಂಚು, ದಪ್ಪ ಅರ್ಧ ಇಂಚು. ಬಾಗಿದ ಕತ್ತಿಯೇ ಬೇಕೆಂದು ಹಠ ಮಾಡಿದರೆ ತುಸುವೇ ಬಾಗಿದ ಆಕಾರಕ್ಕೆ ಕತ್ತರಿಸಿ. ಹೆಚ್ಚಾದರೆ ಎಳೆ ಅಡ್ಡಡ್ಡ ತುಂಡಾಗಿ ಅಲ್ಲೇ ಮುರಿಯುತ್ತದೆ. ಕೈಕಾಪಿಗೆ, ಅಂದರೆ ಹಿಡಿಯೂ ಅಲಗೂ ಸೇರುವಲ್ಲಿ ಬೆರಳು ಕಾಯುವ ಅಡ್ಡಪಟ್ಟಿಗೆ, ಎರಡು ಪಟ್ಟಿಗಳನ್ನು ಎರಡೂ ಬದಿಗೆ ಫೆವಿಕಾಲ್ ಹಚ್ಚಿ ಅಂಟಿಸಿ, ರಾತ್ರಿಯಿಡೀ ಬಿಗಿದು ಕಟ್ಟಿಡಿ. ಮೊಳೆ ಮಾತ್ರ ಬೇಡ.

ನಿಜವಾದ ಕೆಲಸವಿರುವುದು ಅಂಚಿನಲ್ಲಿ. ಕತ್ತಿಯೆಂದರೆ ಹರಿತವಾಗಿ ಕಾಣಬೇಕೆಂದು ಅಲಗನ್ನು ತೆಳ್ಳಗೆ ಕೆತ್ತುತ್ತಾರೆ, ಅದೇ ತಪ್ಪು. ಅಂಚನ್ನು ಪೆನ್ಸಿಲ್ಲಿನ ಬೆನ್ನಿನಂತೆ ಗುಂಡಗೆ ಮಾಡಿ. ಮೊನೆಯನ್ನು ಮೊದಲು ನಾಣ್ಯವಿಟ್ಟು ಗೆರೆ ಎಳೆದೇ ಕತ್ತರಿಸಿ. 80, 120, 220 ನಂಬರಿನ ಸ್ಯಾಂಡ್ ಪೇಪರಿನಲ್ಲಿ ಒರಟಿನಿಂದ ನುಣುಪಿಗೆ ಕ್ರಮವಾಗಿ ಉಜ್ಜಿದ ಮೇಲೆ ಹಳೆಯ ನೈಲಾನ್ ಕಾಲುಚೀಲವನ್ನು ಮೇಲೆ ಎಳೆದು ನೋಡಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಸಿಬಿರಿದೆ.

ಅಟ್ಟದ ಮೇಲಿನ ಹಳೆಯ ಬಣ್ಣದ ಡಬ್ಬಿ ತೆರೆಯಬೇಡಿ. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಿಯಮ ಜಾರಿಯಾದದ್ದು 2017ರ ನವೆಂಬರಿನಲ್ಲಿ. ಮಕ್ಕಳು ಕತ್ತಿಯನ್ನು ಕಚ್ಚಿಯೂ ನೋಡುತ್ತಾರೆ. ನೀರಿನಲ್ಲಿ ಕಲಸುವ ಬೆಳ್ಳಿ ಬಣ್ಣ ಎರಡು ಸಲ ಹಚ್ಚಿ. ಹಿಡಿಗೆ ಹಳೆಯ ಪಂಚೆಯ ಜರಿ ಅಂಚನ್ನು ಸುತ್ತಿದರೆ ಬೆವರಿದ ಕೈಯಿಂದಲೂ ಜಾರುವುದಿಲ್ಲ, ರಾಜಗಾಂಭೀರ್ಯವೂ ಬರುತ್ತದೆ.

ಒರೆ ಮಾಡಲು ಹೋಗಬೇಡಿ, ವೇದಿಕೆಯ ಮೇಲೆ ಎಳೆದಾಗ ಸಿಕ್ಕಿಹಾಕಿಕೊಳ್ಳುತ್ತದೆ. ಎಡ ಸೊಂಟದಲ್ಲಿ ಬಟ್ಟೆಯ ಕುಣಿಕೆ ಸಾಕು, ಎಡಗೈಯವನಾದರೆ ಬಲಕ್ಕೆ.