ಬೆಂಗಳೂರಿನ ಮನೆಯಲ್ಲೇ ಕೂತು ಉದ್ದದ ರೈಲು ಪ್ರಯಾಣ ಮಾಡಬಹುದಾ? ಯಾವುದರಿಂದ ಶುರು ಮಾಡಲಿ?

ಮೊಣಕಾಲು ಆಪರೇಷನ್ ಆಗಿದೆ, ಊರು ಬಿಟ್ಟು ಹೋಗೋ ಹಾಗಿಲ್ಲ ಅಂತ ಬರೆದಿದ್ದೀರಿ. ಟೀವಿಯಲ್ಲೇ ಧಾರಾಳವಾಗಿ ಹೋಗಿಬರಬಹುದು. ಆದರೆ ಎಲ್ಲೂ ಕತ್ತರಿ ಹಾಕದ ವಿಡಿಯೋ ಆಗಬೇಕು. ಡ್ರೋನ್ ಹಾರಿಸಿ, ಹಿಂದೆ ಪಿಟೀಲು ಹಾಕಿ, ಹತ್ತು ನಿಮಿಷದಲ್ಲಿ ಘಾಟಿ ಇಳಿಸಿಬಿಡುವವು ಬರೀ ಜಾಹೀರಾತು. ರೈಲು ಸಿಗ್ನಲ್‌ಗೆ ಕಾದರೆ ನೀವೂ ಕಾಯಬೇಕು, ಮಜಾ ಇರೋದೇ ಅಲ್ಲಿ.

ಮೊದಲು ನಮ್ಮದೇ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿ ನೋಡಿ. ಸುಮಾರು 55 ಕಿ.ಮೀ., 57 ಸುರಂಗ. ಇಳಿಯೋದಕ್ಕಿಂತ ಹತ್ತುವ ವಿಡಿಯೋ ಹುಡುಕಿ, ಅದೂ ಮಳೆಗಾಲದ್ದು. 50 ಅಡಿಗೆ ಒಂದಡಿ ಏರು, ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್‌ಗಳ ಏದುಸಿರು ಕೇಳಬೇಕು. ಹೆಡ್‌ಫೋನ್ ಹಾಕಿಕೊಳ್ಳಿ, ಇಲ್ಲದಿದ್ದರೆ ಘಾಟಿ ನಡುವಿನ ಯಡಕುಮೇರಿ ನಿಲ್ದಾಣದಲ್ಲಿ ಪಕ್ಕದ ಮನೆ ಮಿಕ್ಸಿ ಕೇಳಿಸುತ್ತೆ.

ಅದು ಹಿಡಿಸಿದರೆ ನಾರ್ವೆಯ ಬರ್ಗನ್–ಓಸ್ಲೋ. ನನ್ನ ಪ್ರಕಾರ ಇದನ್ನು ಮೀರಿಸುವಂಥದ್ದು ಇನ್ನೊಂದಿಲ್ಲ. ಆ ಮಾರ್ಗಕ್ಕೆ ನೂರು ತುಂಬಿದ 2009ರಲ್ಲಿ ಅಲ್ಲಿನ ಸರ್ಕಾರಿ ವಾಹಿನಿ ಎನ್‌ಆರ್‌ಕೆ ಏಳು ಗಂಟೆ ದಾಟುವ ಇಡೀ ಪ್ರಯಾಣವನ್ನು ಹಾಗೆಹಾಗೇ ಪ್ರಸಾರ ಮಾಡಿತು. ಐವತ್ತು ಲಕ್ಷ ಜನರೂ ಇರದ ದೇಶದಲ್ಲಿ ಸುಮಾರು ಹನ್ನೆರಡು ಲಕ್ಷ ಮಂದಿ ಒಂದಲ್ಲ ಒಂದು ಹೊತ್ತಿನಲ್ಲಿ ಟೀವಿ ಹಾಕಿದ್ದರಂತೆ! ಸುರಂಗ ಬಂದಾಗ ಹಳೇ ದೃಶ್ಯ, ಮಾತುಕತೆ ತೋರಿಸುತ್ತಾರೆ. ಅದು ನನಗೆ ಕಿರಿಕಿರಿ, ಕತ್ತಲು ಕತ್ತಲಾಗೇ ಇರಲಿ. ಎಂಜಿನ್ ಮುಂದಿನ ಕ್ಯಾಮೆರಾದ ದೃಶ್ಯವನ್ನಷ್ಟೇ ಅವರು ಬೇರೆಯಾಗಿ, ಉಚಿತವಾಗಿ ಬಿಟ್ಟಿದ್ದಾರೆ. ಅದನ್ನೇ ನೋಡಿ.

ಕಡಲ ದಡದಿಂದ ಹೊರಟ ರೈಲು ಫಿನ್ಸೆ ನಿಲ್ದಾಣಕ್ಕೆ ಬರುವಾಗ 1,222 ಮೀಟರ್ ಎತ್ತರ. ನಾವು ಬೆಂಗಳೂರಲ್ಲಿ ಕೂತಿರೋದೇ 900 ಮೀಟರ್ ಮೇಲೆ. ಇನ್ನು ಮುನ್ನೂರು ಮೀಟರ್ ಏರಿದರೆ ನಮ್ಮಲ್ಲಿ ಕಾಫಿ ತೋಟ, ಅಲ್ಲಿ ಒಂದು ಮರವೂ ಇಲ್ಲ, ಕಣ್ಣು ಹಾಯಿಸಿದಷ್ಟೂ ಹಿಮ. ಉತ್ತರಕ್ಕೆ ಅಷ್ಟು ದೂರ ಹೋದ ಪರಿಣಾಮ. ಫೋನಿನಲ್ಲಿ ಮ್ಯಾಪ್ ತೆರೆದಿಟ್ಟುಕೊಂಡು ನೋಡಿದರೆ ಇಂಥವೆಲ್ಲ ಹೊಳೆಯುತ್ತವೆ.

ಮುಂದಿನ ವಾರಕ್ಕೆ ಅದೇ ದೇಶದ ಟ್ರಾಂಡ್‌ಹೈಮ್–ಬೋಡೊ ಇಟ್ಟುಕೊಳ್ಳಿ. 729 ಕಿ.ಮೀ., ಹತ್ತಿರ ಹತ್ತು ಗಂಟೆ. ಒಂದೇ ದಾರಿಯನ್ನು ನಾಲ್ಕು ಋತುವಿನಲ್ಲಿ ಚಿತ್ರೀಕರಿಸಿದ್ದಾರೆ. ಒಂದೇ ದಿನ ಮುಗಿಸುವ ಹಟ ಬೇಡ, ಆ ಕಾಲಿಟ್ಟುಕೊಂಡು ಅಷ್ಟು ಹೊತ್ತು ಕೂರಬಾರದು. ನಿಲ್ದಾಣ ಬಂದಾಗೆಲ್ಲ ಎದ್ದು ಅಡುಗೆಮನೆ ತನಕ ಹೋಗಿಬನ್ನಿ.