ಐ.ಸಿ.ಯು.ನಲ್ಲಿರುವ ನವಜಾತ ಶಿಶುವಿಗೆ ಆಂಟಿಬಯಾಟಿಕ್ ಮುಲಾಮು ಹಚ್ಚಿ ಬ್ಯಾಕ್ಟೀರಿಯಾ ನೆಲೆಸದಂತೆ ತಡೆಯಬಹುದೇ?

ಸ್ವಲ್ಪ ಮಟ್ಟಿಗೆ ತಡೆಯಬಹುದು. ಆದರೆ ಎಲ್ಲ ಬ್ಯಾಕ್ಟೀರಿಯಾಗಳನ್ನೂ ಅಲ್ಲ, ಬಹುಕಾಲವೂ ಅಲ್ಲ. ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಶಿಶುವಿನ ಮೂಗು, ಹೊಕ್ಕುಳು ಮತ್ತು ಗುದದ್ವಾರದ ಸುತ್ತಲಿನ ಚರ್ಮದಲ್ಲಿ ಮೊದಲು ನೆಲೆಯೂರಿ, ಅವಧಿಗೆ ಮುನ್ನ ಹುಟ್ಟಿದ ಮಗುವಿನ ತೆಳುವಾದ ಚರ್ಮ ಅಥವಾ ರಕ್ತನಾಳಕ್ಕೆ ಹಾಕಿದ ಕೊಳವೆಯ ಮೂಲಕ ರಕ್ತವನ್ನು ಸೇರುವುದರಿಂದ, ಆ ಜಾಗಗಳಿಗೇ ಮುಪಿರೋಸಿನ್ ಎಂಬ ಆಂಟಿಬಯಾಟಿಕ್ ಮುಲಾಮನ್ನು 5 ದಿನ ಹಚ್ಚುತ್ತಾರೆ. 2019ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಹೀಗೆ ಚಿಕಿತ್ಸೆ ಪಡೆದ ಶೇ. 90ಕ್ಕೂ ಹೆಚ್ಚು ಶಿಶುಗಳಲ್ಲಿ ಈ ಬ್ಯಾಕ್ಟೀರಿಯಾ ಮರೆಯಾಯಿತು. ಆದರೆ ಸುಮಾರು ಮೂರು ವಾರಗಳ ನಂತರ ಅರ್ಧಕ್ಕಿಂತ ಕಡಿಮೆ ಶಿಶುಗಳು ಅದರಿಂದ ಮುಕ್ತವಾಗಿ ಉಳಿದಿದ್ದವು.

ಅದು ಮರಳಿ ಬರಲು ಒಂದು ಕಾರಣ ಸುತ್ತಲಿನವರ ಕೈಗಳು ಮತ್ತು ಮೂಗುಗಳು. ಅಮೆರಿಕದ ಬಾಲ್ಟಿಮೋರ್‌ನಲ್ಲಿ ನಡೆದ ಇನ್ನೊಂದು ಪ್ರಯೋಗದಲ್ಲಿ ತಂದೆತಾಯಿಯರ ಮೂಗಿಗೆ ಮುಪಿರೋಸಿನ್ ಹಚ್ಚಿ, ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕದಿಂದ ಒರೆಸಿಕೊಳ್ಳಲು ಹೇಳಿದಾಗ, ಅವರಿಂದಲೇ ಶಿಶುಗಳಿಗೆ ದಾಟುವ ಪ್ರಮಾಣ ಸರಿಸುಮಾರು ಅರ್ಧಕ್ಕಿಳಿಯಿತು. ನನ್ನ ಮಟ್ಟಿಗೆ ಇದು ಹೆಚ್ಚು ಮಹತ್ವದ ಫಲಿತಾಂಶ.

ನಮ್ಮ ದೇಶಕ್ಕೆ ಇದನ್ನು ಅನ್ವಯಿಸುವಾಗ ಎಚ್ಚರ ಬೇಕು. ದೆಹಲಿಯ ಆಸ್ಪತ್ರೆಗಳ ಅಧ್ಯಯನದಲ್ಲಿ ಶಿಶುಗಳ ರಕ್ತಸೋಂಕಿಗೆ ಹೆಚ್ಚಾಗಿ ಕಾರಣವಾಗಿದ್ದವು ಅಸಿನೆಟೋಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾದಂಥ ಬೇರೆ ಬ್ಯಾಕ್ಟೀರಿಯಾಗಳು. ಅವುಗಳ ಮೇಲೆ ಮುಪಿರೋಸಿನ್ ಉಪಯೋಗಕ್ಕೆ ಬರುವುದಿಲ್ಲ. ಎಲ್ಲ ಶಿಶುಗಳಿಗೂ ವಾಡಿಕೆಯಂತೆ ಹಚ್ಚುತ್ತ ಹೋದರೆ ಔಷಧಕ್ಕೆ ಬಗ್ಗದ ತಳಿಗಳು ಬೆಳೆಯುತ್ತವೆ. ಆದ್ದರಿಂದ ಪರೀಕ್ಷೆಯಲ್ಲಿ ಸ್ಟ್ಯಾಫಿಲೋಕಾಕಸ್ ಆರಿಯಸ್ ಕಂಡ ಶಿಶುಗಳಿಗೆ ಅಥವಾ ವಾರ್ಡಿನಲ್ಲಿ ಅದು ಹರಡುತ್ತಿರುವಾಗ, ವೈದ್ಯರ ನಿರ್ಧಾರದಂತೆ, ಕೈತೊಳೆಯುವಿಕೆ ಮತ್ತು ತಾಯಿಯ ಎದೆಹಾಲಿನ ಜೊತೆಗೆ ಇದನ್ನು ಬಳಸುವುದು ಸೂಕ್ತ.